ಸಣ್ಣ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ತಡೆದೀತೇ? ಅಡ್ವಾನ್ಸ್ ಕೊಡುವ ಮೊದಲು ಲೆಕ್ಕ ಹಾಕುವ ಕ್ರಮ

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಮೈಸೂರು ರಸ್ತೆಯ ಆಸುಪಾಸಿನಲ್ಲೋ ಕೆಲಸ ಗೊತ್ತಾಗಿ ಊರು ಬಿಟ್ಟು ಬರುವವರು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕೇಳಿಕೊಂಡು ಬರುತ್ತಾರೆ: ತಿಂಗಳ ಸಂಬಳ ಮತ್ತು ಒಂದು ಕೋಣೆಯ ಶೀಟಿನ ಮನೆಯ ಬಾಡಿಗೆ. ಒಂದರಿಂದ ಇನ್ನೊಂದನ್ನು ಕಳೆದು, ಮಿಕ್ಕಿದ್ದರಲ್ಲಿ ಹೇಗೋ ಕಾಲ ಹಾಕಬಹುದೆಂದು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಎರಡು ಮೂರು ತಿಂಗಳಲ್ಲಿ ಕೈಸಾಲ ಶುರುವಾಗುತ್ತದೆ. ಇಷ್ಟಕ್ಕೆಲ್ಲ ದುಂದುವೆಚ್ಚವೇ ಕಾರಣ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ನನ್ನ ಅನುಭವದಲ್ಲಿ ಬಹುತೇಕರ ತೊಂದರೆ ಇರುವುದು ಆ ಎರಡು ಅಂಕಿಗಳಲ್ಲೇ. ಹೇಳಿದ ಸಂಬಳ ಪೂರ್ತಿ ಕೈಗೆ ಬರುವುದಿಲ್ಲ, ಹೇಳಿದ ಬಾಡಿಗೆಯೊಳಗೆ ಮನೆಯ ಖರ್ಚು ಮುಗಿಯುವುದಿಲ್ಲ. ಈ ಎರಡನ್ನೂ ಸರಿಪಡಿಸಿಕೊಂಡು ಲೆಕ್ಕ ಹಾಕುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಯಲ್ಲಿ ಬರುವ ಸಂಬಳ, ಬಾಡಿಗೆ ಮತ್ತು ದಿನಸಿಯ ಮೊತ್ತಗಳು ಕ್ರಮವನ್ನು ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಮೊತ್ತಗಳನ್ನು ಇಟ್ಟುಕೊಂಡು ಓದಬೇಕು.

ಕೆಟ್ಟ ತಿಂಗಳ ಸಂಬಳವನ್ನು ಹಿಡಿಯಿರಿ

26 ದಿನದ ಕೆಲಸಕ್ಕೆ 14,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳೋಣ. ಅದರಲ್ಲಿ ಭವಿಷ್ಯ ನಿಧಿಗೆ (ಪಿಎಫ್) ಶೇ 12ರಂತೆ 1,680 ರೂಪಾಯಿ, ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಶೇ 0.75ರಂತೆ 105 ರೂಪಾಯಿ ಕಡಿತವಾಗಿ ಕೈಗೆ 12,215 ರೂಪಾಯಿ ಬರುತ್ತದೆ. ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಇಲ್ಲ. ಪೇ ಸ್ಲಿಪ್ಪಿನಲ್ಲಿ 200 ರೂಪಾಯಿಯ ಆ ಕಡಿತ ಕಂಡರೆ ಕೇಳಬೇಕು.

ಇಷ್ಟಕ್ಕೆ ನಿಲ್ಲಬಾರದು. ಮಗುವಿಗೆ ಜ್ವರ, ಊರಿನಲ್ಲಿ ಸಾವು, ಹಬ್ಬ ಎಂದು ತಿಂಗಳಿಗೆ ಎರಡು ದಿನ ತಪ್ಪುವುದು ಸಾಮಾನ್ಯ. ಒಂದು ದಿನ ತಪ್ಪಿದರೆ 538 ರೂಪಾಯಿ ಹೋಗುತ್ತದೆ. 24 ದಿನದ ಸಂಬಳ 12,923 ರೂಪಾಯಿ, ಕಡಿತಗಳ ನಂತರ 11,275 ರೂಪಾಯಿ. ಮನೆಯ ಲೆಕ್ಕಕ್ಕೆ ಈ 11,275ನ್ನೇ ಆಧಾರವಾಗಿ ಹಿಡಿಯಬೇಕು, ಏಕೆಂದರೆ ಬಾಡಿಗೆಗೆ ರಜೆ ಎಂಬುದಿಲ್ಲ. ಓವರ್‌ಟೈಮ್ ಹಣವನ್ನು ಈ ಲೆಕ್ಕಕ್ಕೆ ಸೇರಿಸಲೇಬಾರದು. ಕಾರ್ಖಾನೆಯಲ್ಲಿ ಓಟಿಗೆ ದುಪ್ಪಟ್ಟು ದರ ಕೊಡಬೇಕೆಂಬುದು ಕಾನೂನು. ಆದರೆ ಆರ್ಡರ್ ಇಳಿದ ತಿಂಗಳು ಓಟಿಯೂ ಇಲ್ಲವಾಗುತ್ತದೆ, ಮನೆ ಮಾಲೀಕರು ಮಾತ್ರ ಐದನೇ ತಾರೀಖಿಗೆ ಬಾಗಿಲಿಗೆ ಬರುತ್ತಾರೆ.

ಶೇಕಡಾ ಲೆಕ್ಕ ಏಕೆ ಮೋಸ ಮಾಡುತ್ತದೆ

ಆದಾಯದ ಶೇ 30ರೊಳಗೆ ಬಾಡಿಗೆ ಇದ್ದರೆ ಸಾಕು ಎಂಬ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ತಿಂಗಳಿಗೆ ಲಕ್ಷ ರೂಪಾಯಿ ದುಡಿಯುವವರು ಶೇ 40 ಕೊಟ್ಟರೂ ಅವರ ತಟ್ಟೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸಣ್ಣ ಸಂಬಳದವರ ಊಟ, ಬಸ್ಸು ಮತ್ತು ಔಷಧಿಯ ಖರ್ಚು ಸಂಬಳಕ್ಕೆ ತಕ್ಕಂತೆ ಕುಗ್ಗುವುದಿಲ್ಲವಾದ್ದರಿಂದ ಅವರಿಗೆ ಈ ಸೂತ್ರ ಹೊಂದುವುದಿಲ್ಲ. ಆದ್ದರಿಂದ ಬಾಡಿಗೆಯನ್ನು ಕೊನೆಗೆ ಇಟ್ಟುಕೊಂಡು, ಮಿಕ್ಕೆಲ್ಲ ಅನಿವಾರ್ಯ ಖರ್ಚುಗಳನ್ನು ಮೊದಲು ಕಳೆಯುವುದೇ ಸರಿಯಾದ ಕ್ರಮ.

ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು ಇರುವ ಮನೆಯಲ್ಲಿ ಗಂಡನೊಬ್ಬನೇ ದುಡಿಯುತ್ತಾನೆ ಎನ್ನೋಣ. ಪಡಿತರದ ಅಕ್ಕಿಯನ್ನು ಬಿಟ್ಟು ಬೇಳೆ, ಎಣ್ಣೆ, ತರಕಾರಿ, ಹಾಲಿಗೆ 4,000 ರೂಪಾಯಿ, ಗ್ಯಾಸಿಗೆ ತಿಂಗಳಿಗೆ ಬೀಳುವ ಪಾಲು 700, ಬಿಎಂಟಿಸಿ ಮಾಸಿಕ ಪಾಸು 1,200 (2025ರ ಜನವರಿಯ ದರ ಏರಿಕೆಗೆ ಮುನ್ನ ಇದು 1,050 ಇತ್ತು), ಫೋನಿಗೆ 300, ಮಗುವಿನ ಖರ್ಚು 800, ಸೋಪು, ಔಷಧಿ ಮುಂತಾದವಕ್ಕೆ 700, ಊರಿಗೆ ಕಳಿಸುವುದು 1,500. ಒಟ್ಟು 9,200 ರೂಪಾಯಿ. 11,275ರಲ್ಲಿ ಇದನ್ನು ಕಳೆದರೆ ಉಳಿಯುವುದು 2,075. ಈ ಮನೆ ವಸತಿಗೆಂದು ತೆಗೆದಿಡಬಹುದಾದ ಹಣ ಇಷ್ಟೇ. ಶೇ 30ರ ಸೂತ್ರ ಇದೇ ಸಂಬಳದವರಿಗೆ, ಪೂರ್ತಿ ತಿಂಗಳು ಕೈಗೆ ಬರುವ 12,215ರ ಮೇಲೆ, ಸುಮಾರು 3,660 ರೂಪಾಯಿಯ ಬಾಡಿಗೆ ತಡೆಯುತ್ತದೆಂದು ಹೇಳುತ್ತಿತ್ತು.

ಸರ್ಕಾರದ ಯೋಜನೆಗಳನ್ನು ಈ ಹಂತದಲ್ಲಿ ಜಾಗರೂಕತೆಯಿಂದ ಸೇರಿಸಬೇಕು. ಶಕ್ತಿ ಯೋಜನೆಯಿಂದ ದುಡಿಯುವ ಮಹಿಳೆಗೆ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಅದು ಪ್ರತಿದಿನ ಕಣ್ಣಿಗೆ ಕಾಣುವ ಉಳಿತಾಯ, ಧೈರ್ಯವಾಗಿ ಹಿಡಿಯಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ ತಡವಾಗಿ, ಒಮ್ಮೊಮ್ಮೆ ಕಂತುಗಳು ಕೂಡಿಕೊಂಡು ಬಂದದ್ದುಂಟು. ಆ ಹಣವನ್ನು ಬಾಡಿಗೆಗೆ ನೆಚ್ಚಿಕೊಳ್ಳುವುದಕ್ಕಿಂತ ಶಾಲೆಯ ಫೀಸಿಗೋ ಅಡ್ವಾನ್ಸಿನ ಸಾಲಕ್ಕೋ ಮೀಸಲಿಡುವುದು ಕ್ಷೇಮ.

ಮನೆಯ ನಿಜವಾದ ಬೆಲೆ

ಈಗ ಇನ್ನೊಂದು ಅಂಕಿ. ಮನೆಯ ಮುಂದಿನ ಬೋರ್ಡಿನಲ್ಲಿ ಬಾಡಿಗೆ 5,500, ಅಡ್ವಾನ್ಸ್ 50,000 ಎಂದಿದೆ. ಅಡ್ವಾನ್ಸನ್ನು ವಾಪಸು ಬರುವ ಹಣವೆಂದು ಭಾವಿಸಿ ಯಾರೂ ಖರ್ಚಿನಲ್ಲಿ ಬರೆಯುವುದಿಲ್ಲ. ಆದರೆ ಆ 50,000ವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ತಿಂಗಳಿಗೆ 1,500 ರೂಪಾಯಿ ಬಡ್ಡಿಯೇ ಹೋಗುತ್ತದೆ, ಅಸಲು ಹಾಗೆಯೇ ಇರುತ್ತದೆ. ಮನೆ ಬಿಡುವಾಗ ಬಣ್ಣ ಬಳಿಸಲೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಎರಡು ವರ್ಷ ವಾಸವಿದ್ದರೆ ಅದು ತಿಂಗಳಿಗೆ 230 ರೂಪಾಯಿ. ನೀರಿಗೆ 200, ಸಬ್ ಮೀಟರಿನ ಕರೆಂಟಿಗೆ 300 ಸೇರಿಸಿದರೆ 5,500ರ ಮನೆಯ ನಿಜವಾದ ಬೆಲೆ 7,730 ರೂಪಾಯಿ. ನಮ್ಮ ಉದಾಹರಣೆಯ ಮನೆಗೆ ತಿಂಗಳಿಗೆ 5,655 ರೂಪಾಯಿ ಕಡಿಮೆ ಬೀಳುತ್ತದೆ. ಚಹಾ ಬಿಟ್ಟು, ಸಿನಿಮಾ ಬಿಟ್ಟು ತುಂಬುವ ಅಂತರ ಇದಲ್ಲ.

ಕರೆಂಟಿನ ವಿಷಯದಲ್ಲಿ ಒಂದು ಮಾತು ಮೊದಲೇ ಕೇಳಿಕೊಳ್ಳಬೇಕು: ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆಯೇ? ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ಸಿಗುವುದು ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿದಾಗ. ಎಂಟು ಕೋಣೆಗಳ ವಠಾರಕ್ಕೆಲ್ಲ ಒಂದೇ ಮೀಟರ್ ಇದ್ದು ಒಳಗೆ ಮಾಲೀಕರೇ ಸಬ್ ಮೀಟರ್ ಕೂರಿಸಿದ್ದರೆ, ಯೋಜನೆ ಯಾರಿಗಾಗಿ ಬಂದಿತೋ ಅವರೇ ಹೊರಗುಳಿದು, ಯೂನಿಟ್ಟಿಗೆ ಮಾಲೀಕರು ಹೇಳಿದ ದರ ಕಟ್ಟುತ್ತಾರೆ. ಪ್ರತ್ಯೇಕ ಮೀಟರ್ ಇದ್ದರೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯನ್ನು ತೆಗೆಸಿ ನಿಮ್ಮದನ್ನು ಸೇರಿಸಬೇಕು. ನೀರು ಬೋರ್‌ವೆಲ್ಲಿನದೋ ಕಾವೇರಿಯದೋ ಎಂಬುದನ್ನೂ ಕೇಳಿ. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿದಾಗ ಜಿಲ್ಲಾಡಳಿತ 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ ಎಂದು ದರ ನಿಗದಿ ಮಾಡಬೇಕಾಯಿತು. ವಠಾರಗಳಲ್ಲಿ ಟ್ಯಾಂಕರಿನ ಖರ್ಚು ಕೊನೆಗೆ ಬಾಡಿಗೆದಾರರ ಮೇಲೆಯೇ ಹಂಚಿಕೆಯಾಗುತ್ತದೆ.

ಅಡ್ವಾನ್ಸಿಗೆ ಹಣ ಹೊಂದಿಸುವ ಬಗೆಯಲ್ಲಿ ನೂರಕ್ಕೆ ಮೂರರ ಸಾಲವೇ ಅತ್ಯಂತ ಕೆಟ್ಟದ್ದು. ಸಂಘದ ಸಾಲ, ಚೀಟಿಯ ಹಣ ಅದಕ್ಕಿಂತ ವಾಸಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆದು, ಆ ಹಣದಿಂದ ಸಾಲ ತೀರಿಸಿಯೋ ಅಡ್ವಾನ್ಸ್ ಕೊಟ್ಟೋ ಮತ್ತೊಂದು ಕಾರ್ಖಾನೆ ಸೇರುವ ಪದ್ಧತಿಯಿದೆ. ಪಿಎಫ್ ಅವರಿಗೆ ಮುಪ್ಪಿನ ಹಣವಾಗಿರದೆ ಇಂದಿನ ಆಪದ್ಧನವಾಗಿರುವುದರಿಂದಲೇ, ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ 2016ರ ಏಪ್ರಿಲ್‌ನಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಬೀದಿಗಿಳಿದರು, ಕೇಂದ್ರ ಸರ್ಕಾರ ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ನಾಲ್ಕು ವರ್ಷ ದಾಟಿದವರು ರಾಜೀನಾಮೆ ಕೊಡುವ ಮುನ್ನ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಸೇವಾ ಹಣದ, ಲೆಕ್ಕ ಮಾಡಬೇಕು. ಐದು ವರ್ಷ ಪೂರೈಸಿದರೆ ವರ್ಷಕ್ಕೆ 15 ದಿನದ ಸಂಬಳದಂತೆ, 14,000ದ ಮೇಲೆ ಸುಮಾರು 40,000 ರೂಪಾಯಿ ಬರುತ್ತದೆ. 50,000ದ ಅಡ್ವಾನ್ಸಿಗಾಗಿ 40,000ವನ್ನು ಬಿಟ್ಟುಕೊಟ್ಟಂತಾಗುತ್ತದೆ.

ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಲೀಸಿಗೆ ಮನೆ ಹಿಡಿದು ಬಾಡಿಗೆಯನ್ನೇ ತಪ್ಪಿಸಿಕೊಳ್ಳುವ ಆಸೆ ಸಹಜ. 3 ಲಕ್ಷಕ್ಕೆ ವರ್ಷಕ್ಕೆ ಶೇ 12ರ ಬಡ್ಡಿಯಾದರೂ ತಿಂಗಳಿಗೆ 3,000 ಆಗುತ್ತದೆ ಎಂಬುದು ಒಂದು ಕಡೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ತಪ್ಪಿದರೆ ಬ್ಯಾಂಕು ಬಂದು ಬೀಗ ಹಾಕುವುದು ಇನ್ನೊಂದು ಕಡೆ. ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡಬೇಕು, ಆದರೆ ಎಲ್ಲ ಸಾಲವೂ ಅದರಲ್ಲಿ ಕಾಣುವುದಿಲ್ಲ. ಇಡೀ ಉಳಿತಾಯವನ್ನು ಒಬ್ಬರ ಕೈಗೆ ಒಪ್ಪಿಸುವ ಈ ವ್ಯವಸ್ಥೆ ಸಣ್ಣ ಸಂಬಳದವರಿಗೆ ತಕ್ಕುದಲ್ಲ ಎಂದೇ ನನ್ನ ಅಭಿಪ್ರಾಯ.

ಕೊರತೆ ತುಂಬುವ ಮೂರು ದಾರಿಗಳು

ಒಂದು ಸಂಬಳ ಒಂದು ಸಂಸಾರದ ವಸತಿಗೆ ಸಾಲದು ಎಂಬುದು ಲೆಕ್ಕದಿಂದಲೇ ಸ್ಪಷ್ಟ. ಹಾಗಿದ್ದೂ ಲಕ್ಷಾಂತರ ಜನ ಈ ನಗರದಲ್ಲಿ ಬದುಕುತ್ತಿರುವುದು ಎರಡನೆಯ ಸಂಬಳ, ಹಂಚಿಕೆ ಅಥವಾ ದೂರ, ಇವುಗಳಲ್ಲಿ ಒಂದರ ಬಲದಿಂದ.

ಹೆಂಡತಿಗೂ ಅಷ್ಟೇ ಸಂಬಳದ ಕೆಲಸ ಸಿಕ್ಕು, ಮಗುವನ್ನು ನೋಡಿಕೊಳ್ಳಲು ಮತ್ತು ಇತರ ಹೆಚ್ಚುವರಿಗೆ 1,500 ರೂಪಾಯಿ ಹೋದರೆ, ವಸತಿಗೆ ಸಿಗುವ ಹಣ 11,850 ಆಗುತ್ತದೆ. 7,730 ಕಳೆದು 4,120 ರೂಪಾಯಿ ಮಿಗುತ್ತದೆ. ಈ ಮಿಗತೆಯನ್ನು ನೋಡಿ ದೊಡ್ಡ ಮನೆಗೆ ಹೋಗಬಾರದು. ಇಬ್ಬರಲ್ಲೊಬ್ಬರು ಕಾಯಿಲೆ ಬಿದ್ದು ಮಲಗಿದರೆ ಸಂಸಾರ ಮತ್ತೆ ಕೊರತೆಗೆ ಬೀಳುತ್ತದೆ. ಇಎಸ್‌ಐಯಿಂದ ಅನಾರೋಗ್ಯದ ರಜೆಗೆ ಶೇ 70ರಷ್ಟು ವೇತನ ಸಿಗುತ್ತದೆಯಾದರೂ ಅದು ಕೈಗೆ ಬರುವವರೆಗೆ ಬಾಡಿಗೆ ಕಾಯುವುದಿಲ್ಲ. ಕನಿಷ್ಠ ಎರಡು ತಿಂಗಳ ಬಾಡಿಗೆಯನ್ನು ಮುಟ್ಟದೆ ಕೂಡಿಡುವುದು ಮೊದಲ ಕೆಲಸ.

ಒಂಟಿಯಾಗಿ ಬಂದವರು ಮೂವರು ಸೇರಿ ಅದೇ ಕೋಣೆ ಹಿಡಿದರೆ ತಲೆಗೆ 2,577 ರೂಪಾಯಿ ಬೀಳುತ್ತದೆ. ಊಟಕ್ಕೆ 3,500, ಪಾಸಿಗೆ 1,200, ಫೋನಿಗೆ 300, ಇತರೆ 700, ಊರಿಗೆ 3,000 ಎಂದರೆ 8,700 ಹೋಗಿ ಉಳಿಯುವುದು 2,575. ಅಲ್ಲಿಂದಲ್ಲಿಗೆ ಸರಿ. ಒಬ್ಬರು ಬಿಟ್ಟುಹೋದರೆ ಮಿಕ್ಕಿಬ್ಬರ ತಲೆಗೆ 3,865 ಬೀಳುವುದರಿಂದ, ಬಿಡುವವರು ಒಂದು ತಿಂಗಳು ಮುಂಚೆ ಹೇಳಬೇಕೆಂದು ತಮ್ಮೊಳಗೆ ಬರೆದುಕೊಳ್ಳುವುದು ಒಳ್ಳೆಯದು.

ಮೂರನೆಯದು ದೂರ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ದಿನವೂ ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ. ಬಂಗಾರಪೇಟೆ, ಮಂಡ್ಯ, ತುಮಕೂರಿನಿಂದಲೂ ಸೀಸನ್ ಪಾಸಿನವರು ಬರುತ್ತಾರೆ. ಇದು ಲಾಭವೋ ಎಂದು ತಿಳಿಯಲು, ಉಳಿಯುವ ಹಣವನ್ನು ಹೆಚ್ಚಾಗಿ ಕಳೆಯುವ ಗಂಟೆಗಳಿಂದ ಭಾಗಿಸಿ. ಪಾಸಿನ ಖರ್ಚು ಕಳೆದು ತಿಂಗಳಿಗೆ 3,000 ಉಳಿದು, ದಿನಕ್ಕೆ ಮೂರು ಗಂಟೆ ಹೆಚ್ಚು ಪ್ರಯಾಣವಾದರೆ, ಗಂಟೆಗೆ 38 ರೂಪಾಯಿ ಬಿದ್ದಂತಾಯಿತು. 14,000ದ ಕೆಲಸದ ಗಂಟೆಯ ಕೂಲಿ 67. ಆ ಮೂರು ಗಂಟೆಯಲ್ಲಿ ಓಟಿಯೋ ಮತ್ತೊಂದು ಮನೆಗೆಲಸವೋ ಸಿಗುವಂತಿದ್ದರೆ ನಗರದಲ್ಲಿರುವುದೇ ಮೇಲು. ಸಿಗದಿದ್ದರೆ, ಸ್ವಂತ ಸೂರು ಊರಿನಲ್ಲಿದ್ದರೆ, ರೈಲೇ ವಾಸಿ. ಪುಟ್ಟ ಮಕ್ಕಳಿರುವ ತಾಯಿಗೆ ಈ ಭಾಗಾಕಾರ ಪೂರ್ತಿ ಅನ್ವಯಿಸುವುದಿಲ್ಲ.

ಕೂಲಿ ನಿಗದಿಯಲ್ಲಿ ಬಾಡಿಗೆಗೆ ಸಿಕ್ಕ ಜಾಗ

ಈ ಕೊರತೆ ಆಕಸ್ಮಿಕವಲ್ಲ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಯ ಮಾನದಂಡ ಹಾಕಿದಾಗ ವಸತಿಗೆ ಹಿಡಿದದ್ದು ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಮನೆಗಳ ಬಾಡಿಗೆಯನ್ನು. ವೇತನ ಸಂಹಿತೆಯಡಿ ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ಕರಡು ನಿಯಮಗಳಲ್ಲಿ ಬಾಡಿಗೆಯನ್ನು ಊಟ ಬಟ್ಟೆಯ ಖರ್ಚಿನ ಶೇ 10 ಎಂದು ಹಿಡಿಯಲಾಯಿತು. ಅಂದರೆ ಊಟ ಬಟ್ಟೆಗೆ 8,000 ಹೋಗುವ ಮನೆಗೆ 800 ರೂಪಾಯಿ ಬಾಡಿಗೆ. ಹೆಗ್ಗನಹಳ್ಳಿಯಲ್ಲೋ ಬೇಗೂರಿನಲ್ಲೋ ಆ ಹಣಕ್ಕೆ ಸೈಕಲ್ ನಿಲ್ಲಿಸಲು ಜಾಗ ಸಿಕ್ಕೀತು. ಸಂಘಟನೆಯಲ್ಲಿರುವವರು ಕೂಲಿ ಪರಿಷ್ಕರಣೆಯ ಕರಡಿಗೆ ಆಕ್ಷೇಪಣೆ ಬರೆಯುವಾಗ ತಮ್ಮ ಬಾಡಿಗೆ ರಸೀದಿಗಳನ್ನು ಜೊತೆಗಿಟ್ಟರೆ, ಈ ಶೇ 10 ಎಷ್ಟು ಪೊಳ್ಳೆಂದು ಬೇರೆ ವಾದವಿಲ್ಲದೆ ತಿಳಿಯುತ್ತದೆ.

ಕರಾರಿಗೆ ಸಹಿ ಹಾಕುವಾಗ

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುವ 2021ರ ಮಾದರಿ ಬಾಡಿಗೆ ಕಾಯ್ದೆ, ಹೆಸರೇ ಹೇಳುವಂತೆ, ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಹಾಗಾಗಿ ನಿಮ್ಮ ರಕ್ಷಣೆಯೆಲ್ಲ 11 ತಿಂಗಳ ಕರಾರು ಪತ್ರದಲ್ಲಿ ಬರೆದ ಸಾಲುಗಳಲ್ಲಿದೆ. ತಿಂಗಳ ಬಾಡಿಗೆಯ ಮನೆಯನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, 15 ದಿನದ ನೋಟಿಸಿನಲ್ಲಿ ಬಿಡಿಸಬಹುದು; ಅದನ್ನು ಎರಡು ತಿಂಗಳೆಂದು ಬರೆಸಿ. ಬಣ್ಣದ ಹಣದ ಮಿತಿ, ಯೂನಿಟ್ಟಿನ ದರ, ಅಡ್ವಾನ್ಸ್ ಹಿಂದಿರುಗಿಸುವ ದಿನ, ಇವನ್ನೂ ಬರೆಸಿ. ಅಡ್ವಾನ್ಸನ್ನು ಆದಷ್ಟೂ ಫೋನ್ ಮೂಲಕವೋ ಬ್ಯಾಂಕಿನ ಮೂಲಕವೋ ಕಳಿಸಿ. ನಗದು ಕೊಟ್ಟರೆ ಸಹಿ ಮಾಡಿದ ರಸೀದಿ ಇಲ್ಲದೆ ಬೀಗದ ಕೈ ತೆಗೆದುಕೊಳ್ಳಬೇಡಿ.

ಕರಾರು ನವೀಕರಿಸುವಾಗ ಶೇ 5ರಿಂದ 10ರಷ್ಟು ಬಾಡಿಗೆ ಏರಿಸುವುದು ವಾಡಿಕೆ. 5,500ರ ಮೇಲೆ ಅದು 275ರಿಂದ 550 ರೂಪಾಯಿ. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ ಒಂದರಿಂದ ಪರಿಷ್ಕಾರವಾಗುತ್ತದೆ. ಸಾಧ್ಯವಾದರೆ ಕರಾರಿನ ಅವಧಿ ಮೇ ತಿಂಗಳಲ್ಲಿ ಮುಗಿಯುವಂತೆ ಮಾಡಿಕೊಳ್ಳಿ. ಆಗ ಏಪ್ರಿಲ್ ತಿಂಗಳ ಪೇ ಸ್ಲಿಪ್ಪಿನಲ್ಲಿ ಕೂಲಿ ಎಷ್ಟು ಏರಿತೆಂಬುದನ್ನು ಕಣ್ಣಾರೆ ನೋಡಿ, ಅದರಲ್ಲಿ ಪಿಎಫ್, ಇಎಸ್‌ಐ ಕಳೆದು, ಮಾಲೀಕರೊಡನೆ ಮಾತಿಗೆ ಕೂರಬಹುದು.