ಜಿನ್ನಿಂಗ್ ಯಂತ್ರಕ್ಕೆ ಎಣ್ಣೆ, ಗ್ರೀಸು: ನಾನು ಹಾಕುವ ಬಗೆ

ಗದಗಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ನಾನು ಫಿಟ್ಟರ್. ನಮ್ಮ ಡಬಲ್ ರೋಲರ್ ಜಿನ್ನಿನಲ್ಲಿ ಅರಳೆಯನ್ನು ಕಾಳಿನಿಂದ ಎಳೆದು ಬಿಡಿಸುವುದು ಚರ್ಮದ ರೋಲರಿನ ಉಜ್ಜಾಟವೇ ಆದ್ದರಿಂದ, ರೋಲರಿನ ಮೈಗೆ ಘರ್ಷಣೆ ಬೇಕು, ಅದರ ತುದಿಯ ಬೇರಿಂಗಿಗೆ ಬೇಡ. ಬೇರಿಂಗಿನಿಂದ ಸೋರಿದ ಎಣ್ಣೆ ರೋಲರಿಗೆ ತಾಗಿದರೆ ಅದರ ಹಿಡಿತ ತಪ್ಪುತ್ತದೆ. ಅರಳೆಗೆ ತಾಗಿದರೆ ಕಲೆಯಾಗಿ ಬೆಲೆ ಇಳಿಯುತ್ತದೆ. ಹೀಗಾಗಿ ಇಲ್ಲಿ ಗ್ರೀಸು ಎಷ್ಟು ಹಾಕಬೇಕೆಂಬುದಕ್ಕಿಂತ ಎಲ್ಲಿಗೆ ನಿಲ್ಲಿಸಬೇಕೆಂಬುದೇ ಮುಖ್ಯ.

ಬೇರಿಂಗನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬುವಾಗ ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ತುಂಬುತ್ತೇನೆ. ಪೂರ್ತಿ ತುರುಕಿದರೆ ಗುಂಡುಗಳು ಗ್ರೀಸನ್ನೇ ಕಡೆಯುತ್ತ ಬಿಸಿಯಾಗುತ್ತವೆ, ಗ್ರೀಸು ತೆಳುವಾಗಿ ಸೀಲಿನಿಂದ ಹೊರಬರುತ್ತದೆ, ಅದಕ್ಕೆ ನಾರು ಅಂಟುತ್ತದೆ. ಬಿಸಿ ಬೇರಿಂಗು ಮತ್ತು ಹತ್ತಿಯ ನಾರು ಒಂದೆಡೆ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಗ್ರೀಸು ಒಳಹೋಗುವ ಮೂತಿಯಾದ ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸದೆ ಗ್ರೀಸು ಗನ್ ಹಚ್ಚುವುದಿಲ್ಲ, ಏಕೆಂದರೆ ಅದರ ಮೇಲಿನ ದೂಳು ಗ್ರೀಸಿನೊಡನೆ ಒಳಹೊಕ್ಕು ಲೋಹವನ್ನು ಅರೆಯುತ್ತದೆ. ಬಳಸುವುದು ಲಿಥಿಯಂ ಗ್ರೀಸು, ಗಟ್ಟಿತನದ ಲೆಕ್ಕದಲ್ಲಿ ಎರಡನೇ ನಂಬರಿನದು. ಬೇರೆ ಜಾತಿಯ ಗ್ರೀಸನ್ನು ಇದರೊಡನೆ ಬೆರೆಸಿದರೆ ಕೆಲವೊಮ್ಮೆ ಎರಡೂ ನೀರಾಗಿ ಹರಿದುಹೋಗುವುದರಿಂದ, ಬದಲಿಸಬೇಕಾದಾಗ ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಮೇಲೆ ಹೊಸದನ್ನು ತುಂಬುತ್ತೇನೆ.

ಬೆಲ್ಟುಗಳ ಮೂಲಕ ಯಂತ್ರಗಳನ್ನು ತಿರುಗಿಸುವ ಉದ್ದನೆಯ ಹಳೆಯ ಲೈನ್ ಶಾಫ್ಟಿನ ಬುಷ್‌ಗಳ, ಅಂದರೆ ಗುಂಡುಗಳಿಲ್ಲದ ಕೊಳವೆಯಂಥ ಬೇರಿಂಗುಗಳ, ಲೆಕ್ಕ ಬೇರೆ. ಅಲ್ಲಿ ತಿರುಗುವ ಶಾಫ್ಟು ತಾನೇ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು, ಅಲ್ಲಿ ಹುಟ್ಟುವ ಒತ್ತಡದ ಮೇಲೆ ತೇಲುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ಅವರ ಪ್ರಯೋಗದಲ್ಲಿ ಭಾರ ಬೀಳುವ ಕಡೆಯ ತೂತಿಗೆ ಹಾಕಿದ ಬಿರಡೆಯನ್ನು ಎಣ್ಣೆಯೇ ಹೊರದೂಡಿತ್ತು. ಕಾರಣವನ್ನು 1886ರಲ್ಲಿ ವಿಜ್ಞಾನಿ ಓಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದರು. ಎಣ್ಣೆಯ ತೂತು ಭಾರ ಬೀಳದ ಕಡೆಗಿರಬೇಕೆಂಬುದು ಇದರಿಂದ ನಮಗೆ ಸಿಗುವ ಪಾಠ. ಬೆಲ್ಟು ಶಾಫ್ಟನ್ನು ಮೇಲಕ್ಕೆ ಎಳೆಯುವಲ್ಲಿ ಭಾರ ಬುಷ್‌ನ ಮೇಲ್ಭಾಗಕ್ಕೇ ಬೀಳುತ್ತದೆ. ಅಂಥಲ್ಲಿ ನೆತ್ತಿಯ ತೂತನ್ನು ಮುಚ್ಚಿಸಿ, ಪಕ್ಕಕ್ಕೆ ಹೊಸದನ್ನು ಕೊರೆಸಿದ್ದೇನೆ.

ಗೇರ್ ಬಾಕ್ಸಿಗೆ ದಪ್ಪ ಎಣ್ಣೆಯನ್ನು ಮಟ್ಟ ನೋಡುವ ಗಾಜಿನ ಗುರುತಿನವರೆಗೆ ಹಾಕಿದರೆ ಸಾಕು. ಗ್ರೀಸು ತುಂಬಿದ ಮೇಲೆ ಬೇರಿಂಗು ಸ್ವಲ್ಪ ಹೊತ್ತು ಬಿಸಿಯಾಗಿ ಮತ್ತೆ ತಣಿಯುವುದು ಸಹಜ. ತಣಿಯದೆ ಏರುತ್ತಲೇ ಹೋದರೆ ಯಂತ್ರ ನಿಲ್ಲಿಸಿ, ಕೆಳಗಿನ ಪ್ಲಗ್ ಬಿಚ್ಚಿ ಹೆಚ್ಚಿನ ಗ್ರೀಸನ್ನು ಹೊರಕ್ಕೆ ಬಿಡುತ್ತೇನೆ.