ಮಲೆನಾಡಿನ ಈಜುಕೊಳಕ್ಕೆ ಸೌರ ರೋಬೋಟ್: ಕೊಳ್ಳುವ ಮೊದಲು ಬಿಸಿಲನ್ನು ಅಳೆಯಿರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಂಸ್ಟೇ ನಡೆಸುವವರು ಈಜುಕೊಳಕ್ಕೆ ಸಾಮಾನ್ಯವಾಗಿ ತೋಟದ ಅಂಚಿನ ಜಾಗವನ್ನೇ ಆರಿಸುತ್ತಾರೆ. ನೋಟಕ್ಕೆ ಅದು ಚೆಂದ. ಆದರೆ ಮಾವಿನ ಹೂವು, ಸಿಲ್ವರ್ ಓಕ್ ಎಲೆ, ಒಣಗಿದ ಸೋಗೆಯ ಚೂರು, ದಾರಿಯ ಕೆಂಪು ಧೂಳು ಎಲ್ಲವೂ ಬಂದು ಆ ನೀರಿಗೇ ಬೀಳುತ್ತವೆ. ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಂತೂ ಬಲೆ ಹಿಡಿದು ಕೊಳದ ಬದಿಯಲ್ಲಿ ನಿಲ್ಲಲು ಆಳು ಸಿಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ರೋಬೋಟ್ ಆಗ ನಿಜವಾಗಿಯೂ ನೆರವಾಗುತ್ತದೆ, ನಮ್ಮ ಬಿಸಿಲು ಮತ್ತು ಮಳೆಗೆ ಹೊಂದುವಂಥದ್ದನ್ನು ಆರಿಸಿಕೊಂಡರೆ.

ಈ ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದು ನೀರಿನ ಮೇಲೆ ತೇಲುವಂಥದ್ದು. ಅದರ ಬೆನ್ನ ಮೇಲೆಯೇ ಸೌರ ಫಲಕವಿದ್ದು, ಒಳಗಿನ ಲಿಥಿಯಂ-ಅಯಾನ್ ಬ್ಯಾಟರಿ ಹಗಲಿನಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಯಂತ್ರವು ಕೊಳದ ಉದ್ದಗಲಕ್ಕೂ ಓಡಾಡಿ ಎಲೆ, ಹೂವು, ಹುಳಗಳನ್ನು ತನ್ನ ಬುಟ್ಟಿಗೆ ಎಳೆದುಕೊಳ್ಳುತ್ತದೆ. ಎರಡನೆಯದು ತಳಕ್ಕಿಳಿದು ಮಣ್ಣು ಹೀರುವಂಥದ್ದು. ಇದರ ಮೇಲೆ ಫಲಕವಿರುವುದಿಲ್ಲ; ಹೊರಗೆ ತೆಗೆದು ಚಾರ್ಜ್ ಮಾಡಬೇಕು. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ, ಮರಗಳ ನಡುವಿನ ಕೊಳಕ್ಕೆ ತೇಲುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಲೆಯನ್ನು ಮುಳುಗುವ ಮೊದಲೇ ತೆಗೆದುಬಿಟ್ಟರೆ ಅದು ತಳದಲ್ಲಿ ಕೊಳೆತು ಕಂದು ಕಲೆ ಬಿಡುವುದೂ ಇಲ್ಲ, ನೀರಿನ ಕ್ಲೋರಿನ್ ಅನ್ನು ತಿಂದುಹಾಕುವುದೂ ಇಲ್ಲ.

ಆದರೆ ತೇಲುವ ಯಂತ್ರಕ್ಕೆ ಕೊಳದ ಮೇಲೆಯೇ ನೇರ ಬಿಸಿಲು ಬೀಳಬೇಕು. ಡಿಸೆಂಬರ್‌ನಲ್ಲಿ ಶಿವಮೊಗ್ಗದ ಅಕ್ಷಾಂಶದಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಕ್ಷಿಣ ದಿಗಂತದಿಂದ ಸುಮಾರು 52 ಡಿಗ್ರಿಯಷ್ಟೇ ಮೇಲಿರುತ್ತಾನೆ. 50 ಅಡಿ ಎತ್ತರದ ಅಡಿಕೆ ಮರದ ನೆರಳು ಆಗ ಉತ್ತರಕ್ಕೆ 38 ಅಡಿಯಷ್ಟು ಚಾಚುತ್ತದೆ. ಆದ್ದರಿಂದ ಕೊಳದ ದಕ್ಷಿಣಕ್ಕೆ ತೋಟವಿದ್ದರೆ, ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಯಂತ್ರ ಚಳಿಗಾಲದಲ್ಲಿ ಮಧ್ಯದಲ್ಲೇ ನಿಂತುಬಿಡಬಹುದು. ಕೊಳ್ಳುವ ಮೊದಲು ಒಂದು ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಕೊಳದ ಎಷ್ಟು ಭಾಗದಲ್ಲಿ ಬಿಸಿಲಿದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಭಾಗ ನಾಲ್ಕೈದು ಗಂಟೆಯೂ ಬೆಳಗದಿದ್ದರೆ, ಚಾರ್ಜರ್‌ನಿಂದಲೂ ತುಂಬಿಸಬಹುದಾದ ಮಾದರಿಯನ್ನೇ ಕೇಳಿ ಪಡೆಯಿರಿ.

ತಳದ ರೋಬೋಟ್‌ಗೆ ಬೇಕಾದ ಸೌರ ವಿದ್ಯುತ್ತಿಗೆ ಜಾಗ ಹುಡುಕುವ ಕಷ್ಟವಿಲ್ಲ. ಅಡಿಕೆ ಒಣಗಿಸುವ ಅಂಗಳ ಎಲ್ಲಿದೆಯೋ ಅಲ್ಲಿಯೇ ಮನೆಯ ಅತ್ಯುತ್ತಮ ಬಿಸಿಲೂ ಇದೆ. ಹಿರಿಯರು ಅದನ್ನು ನೋಡಿಯೇ ಅಂಗಳ ಮಾಡಿದ್ದಾರೆ. ಅದರ ಪಕ್ಕದ ಮಾಡಿನ ಮೇಲೆ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಸುಮಾರು 14 ಡಿಗ್ರಿ ಓರೆಯಾಗಿ ಕೂರಿಸಿ. ಲೆಕ್ಕವೂ ಸುಲಭ: 25 ವೋಲ್ಟ್, 8 ಆಂಪಿಯರ್-ಅವರ್ ಎಂದು ಬರೆದಿರುವ ಬ್ಯಾಟರಿಯಲ್ಲಿ 200 ವ್ಯಾಟ್-ಅವರ್ ಶಕ್ತಿಯಿರುತ್ತದೆ. ಇನ್ವರ್ಟರ್ ಮತ್ತು ಚಾರ್ಜರ್‌ನಲ್ಲಿ ಆಗುವ ನಷ್ಟವನ್ನು ಕಳೆದರೂ, ಒಳ್ಳೆಯ ಬಿಸಿಲಿನ ದಿನ 100 ವ್ಯಾಟ್‌ನ ಒಂದು ಫಲಕ ಅದಕ್ಕೆ ಸಾಕಾಗುತ್ತದೆ.

ನಿತ್ಯದ ಕ್ರಮ ಹೀಗಿರಲಿ. ರಾತ್ರಿ ಪಂಪ್ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಮಣ್ಣು ತಳದಲ್ಲಿ ಕೂತಿರುತ್ತದೆ. ಅತಿಥಿಗಳು ನೀರಿಗಿಳಿಯುವ ಮುಂಚೆ ತಳದ ರೋಬೋಟ್ ಬಿಡಿ. ನೀರಿನಲ್ಲಿ ಜನರಿರುವಾಗ ಯಾವ ರೋಬೋಟನ್ನೂ ಓಡಿಸಬಾರದು. ಕೆಲಸ ಮುಗಿದ ಕೂಡಲೇ ಮೇಲೆತ್ತಿ, ಬುಟ್ಟಿಯನ್ನು ತೆಗೆದು ತಿಳಿನೀರಿನಲ್ಲಿ ತೊಳೆಯಿರಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಒಣಗಿ ಜಾಲರಿಗೆ ಅಂಟಿಕೊಂಡರೆ ಮರುದಿನ ಬಿಡಿಸುವುದು ತ್ರಾಸ. ಚಾರ್ಜಿಂಗ್ ಪಿನ್ ಅನ್ನು ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಗಾಳಿಗೆ ಇಟ್ಟ ನಂತರವೇ ವೈರ್ ಸಿಕ್ಕಿಸಿ. ಅವಸರದಲ್ಲಿ ಒದ್ದೆ ಪಿನ್ನಿಗೇ ಸಿಕ್ಕಿಸುತ್ತಿದ್ದುದರಿಂದ ನನ್ನ ಮೊದಲ ಯಂತ್ರದ ಪಿನ್ನುಗಳು ಹಸಿರುಗಟ್ಟಿ, ಅದು ಒಂದೇ ವರ್ಷದಲ್ಲಿ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಚಾರ್ಜ್ ಮಾಡುವ ಜಾಗ ನೆರಳಿನ ಜಗಲಿಯಾಗಿರಲಿ. ಉರಿಬಿಸಿಲೂ ಬೇಡ, ಬಚ್ಚಲೊಲೆಯ ಪಕ್ಕವೂ ಬೇಡ. ಆ ಸಾಕೆಟ್ಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ತೇಲುವ ಯಂತ್ರದ ಬುಟ್ಟಿಯನ್ನು ಪ್ರತಿ ಬೆಳಿಗ್ಗೆ ನೋಡಿ, ಕಪ್ಪೆ ಸಿಕ್ಕಿಕೊಂಡಿದ್ದರೆ ಬಿಟ್ಟುಬಿಡಿ.

ರೋಬೋಟ್ ಬಂದಿತೆಂದು ನೀರಿನ ಆರೈಕೆ ಬಿಡುವಂತಿಲ್ಲ. ಪಂಪ್ ಮತ್ತು ಫಿಲ್ಟರ್ ಎಂದಿನಂತೆ ನಡೆಯಬೇಕು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಒಳಗೆ ಇರಬೇಕು. ಹೆಚ್ಚಿನ ಕ್ಲೋರಿನ್ ಹಾಕುವ ದಿನ ಯಂತ್ರವನ್ನು ಹೊರಗಿಡಿ, ಇಲ್ಲದಿದ್ದರೆ ರಬ್ಬರ್ ಭಾಗಗಳು ಬೇಗ ಹಾಳಾಗುತ್ತವೆ. ಗೋಡೆಗೆ ಹಿಡಿದ ಪಾಚಿಯನ್ನು ಮೊದಲು ಕೈಬ್ರಷ್‌ನಿಂದ ಉಜ್ಜಬೇಕು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶವಿದ್ದರೆ ಕ್ಲೋರಿನ್ ಸೇರಿದೊಡನೆ ಕೊಳ ಕಂದಾಗುತ್ತದೆ. ಆ ನುಣ್ಣನೆಯ ಕಣಗಳು ರೋಬೋಟಿನ ಜಾಲರಿಯಿಂದ ತಪ್ಪಿಸಿಕೊಂಡು ಮತ್ತೆ ನೀರಿಗೇ ಸೇರುತ್ತವೆ. ಅಲ್ಲಿ ಪಟಿಕ ಹಾಕಿ ಕೂರಿಸಿ, ಪಂಪ್‌ನಿಂದಲೇ ಹೀರಿ ಹೊರಚೆಲ್ಲಬೇಕು. ಪಟಿಕ ಪಿಎಚ್ ಇಳಿಸುವುದರಿಂದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೌರಶಕ್ತಿಯನ್ನು ನೆಚ್ಚಬೇಡಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲೇ ತೇಲುವ ಯಂತ್ರವನ್ನು ಎತ್ತಿ, ತೊಳೆದು, ಪೂರ್ತಿ ಒಣಗಿಸಿ, ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ ಒಣ ಜಾಗದಲ್ಲಿಡಿ. ಎರಡು ತಿಂಗಳಿಗೊಮ್ಮೆ ಚಾರ್ಜ್ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡಲೇಬೇಡಿ. ಕಸಕ್ಕೂ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ, ಫಲಕದ ಮೇಲಿನ ಬೂಷ್ಟನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳದ ರಬ್ಬರ್ ಸೀಲ್ ಬಿರಿದಿಲ್ಲವೆಂದು ಬೆರಳಾಡಿಸಿ ನೋಡಿ, ಆಮೇಲೆ ನೀರಿಗಿಳಿಸಿ.