ಚುಕ್ಕಿಗೆರೆ ಬಿಟ್ಟು ಕಾಣದ ಹುಡುಗಿಯನ್ನು ಬಿಡಿಸಿದ್ದು

"ಇದೆಲ್ಲ ಆಗಲ್ಲ, ಸುಮ್ನೆ ಚುಕ್ಕಿಗೆರೆ ಹಾಕಿ ಮುಗಿಸಿ" ಎಂದು ಹೇಳಿದವರು ನಾಲ್ಕು ಜನ. ಇಬ್ಬರು ನನಗಿಂತ ಹಿರಿಯ ಚಿತ್ರಕಾರರು, ಒಬ್ಬರು ಸಂಪಾದಕರು, ನಾಲ್ಕನೆಯವಳು ನನ್ನ ಹೆಂಡತಿ. ಈಗ ಪುಸ್ತಕ ಅಚ್ಚಾಗಿದೆ, ಎರಡನೇ ಮುದ್ರಣಕ್ಕೂ ಹೋಗಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೆಲಸ ಇಷ್ಟು: ಮಕ್ಕಳ ಕಾಮಿಕ್ಸ್, 48 ಪುಟ. ಕಥೆಯ ಹುಡುಗಿ 8ನೇ ಪುಟದಲ್ಲಿ ಮಾಯವಾಗಿ 41ರಲ್ಲಿ ಮತ್ತೆ ಕಾಣುತ್ತಾಳೆ. ಒಪ್ಪಿಕೊಳ್ಳುವಾಗ ಒಳಗೊಳಗೇ ಖುಷಿ. ಪುಟಕ್ಕಿಷ್ಟು ಅಂತ ಹಣ, ನಾಯಕಿಯನ್ನು ಬಿಡಿಸುವ ಹಾಗೇ ಇಲ್ಲ! ಆ ಖುಷಿ ಎರಡು ವಾರವೂ ಉಳಿಯಲಿಲ್ಲ.

ಮೊದಲು ನಾನೂ ಚುಕ್ಕಿಗೆರೆಯನ್ನೇ ಹಾಕಿದೆ. 1961ರಲ್ಲಿ ಹುಟ್ಟಿದ, ಬೇಕೆಂದಾಗ ಮಾಯವಾಗುವ ಅಮೆರಿಕನ್ ಕಾಮಿಕ್ಸ್ ನಾಯಕಿ ಸ್ಯೂ ಸ್ಟಾರ್ಮ್‌ಳನ್ನು ಕಾಮಿಕ್ಸ್‌ನವರು ಹಾಗೇ ಬಿಡಿಸಿ ಬಿಡಿಸಿ ಆ ಗೆರೆಗೆ "ಇಲ್ಲಿ ಒಬ್ಬಳಿದ್ದಾಳೆ" ಎಂಬ ಅರ್ಥ ಬಂದುಬಿಟ್ಟಿದೆ. ಆದರೆ ಅದು ಕಾಮಿಕ್ಸ್ ಓದಿ ಪಳಗಿದವರಿಗೆ. ಏಳೆಂಟು ವರ್ಷದ ಮಗುವಿಗೆ ಚುಕ್ಕಿಗೆರೆ ಅಂದರೆ "ಇಲ್ಲಿ ಕತ್ತರಿಸಿ". ಮಾದರಿ ಪುಟ ಕೊಟ್ಟ ಮಗು ಕತ್ತರಿ ಎಲ್ಲಿ ಅಂತ ಕೇಳಿತು. ಐದು ಪುಟ ಹೋಯಿತು.

ಆಮೇಲೆ ಒಪಾಸಿಟಿ, ಅಂದರೆ ಚಿತ್ರದ ಗಾಢತೆ, ಇಳಿಸಿದೆ. ಶೇಕಡಾ ಮೂವತ್ತಕ್ಕೆ ಇಟ್ಟರೆ ದೆವ್ವ. "ಅವಳು ಯಾವಾಗ ಸತ್ತಿದ್ದು?" ಅಂತ ಇನ್ನೊಂದು ಮಗು. ಸರಿ ಅಂತ ಹತ್ತಕ್ಕೆ ಇಳಿಸಿದೆ. ಪರದೆಯ ಮೇಲೆ ಬಹಳ ಚೆಂದ. ಪ್ರೂಫ್ (ಅಚ್ಚಿನ ಮಾದರಿ) ತೆಗೆಸಿದರೆ ಕಾಗದ ಅವಳನ್ನು ಪೂರ್ತಿ ನುಂಗಿತ್ತು. ಎರಡು ಸಲ ಪ್ರೂಫ್, ಎರಡೂ ನನ್ನ ಜೇಬಿನಿಂದ. ಮುಂಗಡದ ಕಾಲು ಭಾಗ ಅಲ್ಲೇ ಕರಗಿತು.

ಸಿಟ್ಟಿನಲ್ಲಿ ಏನೂ ಬಿಡಿಸದೆ ಬಿಟ್ಟೆ. ಖಾಲಿ ಕುರ್ಚಿ, ಖಾಲಿ ಮೆಟ್ಟಿಲು. ಸಂಪಾದಕರು ಫೋನ್ ಮಾಡಿ ಹಸು ಹುಲ್ಲು ತಿಂದುಹೋದ ಜೋಕು ಹೇಳಿದರು. ಆ ಜೋಕು ಗೊತ್ತಲ್ವಾ, ಖಾಲಿ ಹಾಳೆ ತೋರಿಸಿ "ಹುಲ್ಲನ್ನು ಹಸು ತಿಂದಿತು, ಹಸು ಹೊರಟುಹೋಯಿತು" ಅನ್ನುವುದು. ನನಗೆ ನಗು ಬರಲಿಲ್ಲ.

ಮಳೆ, ಹೊಗೆ, ಹಿಟ್ಟು ಕೂಡ ಆಯಿತು. ಎಲ್ಲರೂ ಮಾಡುವುದೇ. ಮಳೆಯಲ್ಲಿ ನಿಲ್ಲಿಸಿದರೆ ಹನಿಗಳೇ ಅವಳ ಆಕಾರ ತೋರಿಸುತ್ತವೆ, ನೋಡಲು ಭಾರೀ ಚೆಂದ. ಆದರೆ ಎರಡು ಪುಟದ ಮಳೆಗೆ ನಾಲ್ಕು ದಿನ ಹಿಡಿಯಿತು. ಪುಟದ ಲೆಕ್ಕದಲ್ಲಿ ದುಡಿಯುವವನಿಗೆ ಇದು ದಿವಾಳಿ ದಾರಿ. ಮೂವತ್ತು ಪುಟಕ್ಕೆ ಮೂವತ್ತು ಸಲ ಮಳೆ ಬರಿಸಲೂ ಆಗಲ್ಲ.

ಈ ಹೊತ್ತಿಗೆ ಸಿನಿಮಾದವರು ಏನು ಮಾಡಿದರು ಅಂತ ಕೆದಕಲು ಕೂತೆ. ಕೆಲಸ ತಪ್ಪಿಸಲು ಒಳ್ಳೆಯ ನೆಪ. 1933ರ 'ದಿ ಇನ್‌ವಿಸಿಬಲ್ ಮ್ಯಾನ್'ನಲ್ಲಿ ಟ್ರಿಕ್ ದೃಶ್ಯಗಳ ಜಾನ್ ಫುಲ್ಟನ್ ತಂಡ ನಟನ ಮೈಯನ್ನೆಲ್ಲ ಕಪ್ಪು ವೆಲ್ವೆಟ್‌ನಿಂದ ಮುಚ್ಚಿ, ಅದರ ಮೇಲೆ ಬಟ್ಟೆ ತೊಡಿಸಿ, ಕಪ್ಪು ವೆಲ್ವೆಟ್ ಹಿನ್ನೆಲೆಯ ಮುಂದೆ ಚಿತ್ರೀಕರಿಸಿತು. ಬಟ್ಟೆ ಮಾತ್ರ ಉಳಿಯಿತು. ಅದನ್ನು ನೋಡಿ ಒಂದು ವಿಷಯ ಹೊಳೆಯಿತು: ಖಾಲಿ ಅಂಗಿ ಬಿಡಿಸುವಾಗ ಕಾಲರಿನ ಹಿಂಭಾಗದ ಒಳಮೈ ಕಾಣಬೇಕು. ನಮ್ಮಲ್ಲಿ ಅರ್ಧ ಜನ ಅದನ್ನು ಮರೆಯುತ್ತೇವೆ. ಆಗ ತಲೆ ಮಾಯವಾದ ಹಾಗಲ್ಲ, ಕಡಿದ ಹಾಗೆ ಕಾಣುತ್ತದೆ.

1987ರ ಎರಡು ಸಿನಿಮಾಗಳದು ಇನ್ನೊಂದು ತಮಾಷೆ. 'ಪ್ರಿಡೇಟರ್' ತಂಡ ಕಾಣದ ಜೀವಿಯ ದೃಶ್ಯಗಳಿಗೆ ಕೆಂಪು ಉಡುಪು ಬಳಸಿತು, ಕಾಡಿನ ಹಸಿರಿನಿಂದ ಬೇರ್ಪಡಿಸಿ ತೆಗೆಯಲು ಸುಲಭ ಅಂತ. ಅದೇ ವರ್ಷ 'ಮಿಸ್ಟರ್ ಇಂಡಿಯಾ'ದಲ್ಲಿ ಕಾಣದವನು ಕೆಂಪು ಬೆಳಕಿನಲ್ಲಿ ಮಾತ್ರ ಕಾಣುತ್ತಾನೆ. ಒಂದರಲ್ಲಿ ಕೆಂಪು ಅಡಗಿಸಲು, ಇನ್ನೊಂದರಲ್ಲಿ ಸಿಕ್ಕಿಬೀಳಿಸಲು. ನನ್ನ ಪುಸ್ತಕಕ್ಕೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಒಂದು ಸಂಜೆ ಹೋಯಿತು ಅಷ್ಟೇ.

ದಾರಿ ಸಿಕ್ಕಿದ್ದು ಎಣ್ಣೆಯಲ್ಲಿ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿದರೆ ಮಾಯವಾಗುತ್ತದೆ. ಎರಡರಲ್ಲೂ ಬೆಳಕು ಬಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ, 1.47ರ ಆಸುಪಾಸು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1897ರಲ್ಲಿ ತಮ್ಮ ಕಾಣದ ಮನುಷ್ಯನನ್ನು ಸೃಷ್ಟಿಸಿದ್ದೂ ಇದೇ ಲೆಕ್ಕದ ಮೇಲೆ. (ಅಕ್ಷಿಪಟವೂ ಬೆಳಕು ಹಿಡಿಯದಿದ್ದರೆ ಆ ಪುಣ್ಯಾತ್ಮನಿಗೆ ಕಣ್ಣೇ ಕಾಣಬಾರದು. ಇರಲಿ ಬಿಡಿ.) ಮೊದಲು ಮನೆಯ ಮಾಮೂಲಿ ಲೋಟ ಮುಳುಗಿಸಿದೆ, ಅಂಚು ಕಾಣುತ್ತಲೇ ಇತ್ತು. ಆಮೇಲೆ ಒಂದು ಬೀಕರ್ ತಂದು ಮುಳುಗಿಸಿದೆ. ಗಾಜು ಹೋಯಿತು, ಅದರ ಮೇಲಿನ ಬಿಳಿ ಅಳತೆಗೆರೆಗಳು ಮಾತ್ರ ತೇಲುತ್ತಿದ್ದವು. ನಾಲ್ಕೈದು ಚಿಕ್ಕ ಗೆರೆ ಅಷ್ಟೇ. ಆದರೆ ಅವು ಬಾಗಿದ್ದವು. ಆ ಬಾಗು ನೋಡಿದ ಕೂಡಲೇ ಇಡೀ ಬೀಕರ್ ಅಲ್ಲೇ ಇದೆ ಅಂತ ನನಗೆ ಗೊತ್ತಾಯಿತು. ಎಣ್ಣೆ ಕೈಯಲ್ಲೇ ಮೇಜಿಗೆ ಓಡಿದೆ. ಎರಡು ಸ್ಕೆಚ್ ಹಾಳಾದವು.

ಅಂದಿನಿಂದ ಪ್ರತಿ ಚೌಕಟ್ಟಿಗೆ ಮೂರು ಸಾಕ್ಷಿ ಇಡಲು ಶುರು ಮಾಡಿದೆ. ಒಂದು, ಅವಳ ಭಾರ: ಕುಗ್ಗಿದ ದಿಂಬು, ಮಡಚಿದ ಚಾಪೆ, ಬಾಗಿದ ಹುಲ್ಲು. ಎರಡು, ಮೈಗಂಟಿದ ಒಂದೇ ಒಂದು ಗುರುತು. ಮೊಣಕಾಲಿನ ಕೆಸರು, ಕೆನ್ನೆಯ ಬಣ್ಣದ ಗೀರು. ಅದು ಮೈಯ ಉಬ್ಬಿನ ಜೊತೆ ಬಾಗಲೇಬೇಕು, ಚಪ್ಪಟೆ ಹಾಕಿದರೆ ಸುಮ್ನೆ ಗಾಳಿಯಲ್ಲಿ ತೇಲುವ ಕೊಳೆ ಅನಿಸುತ್ತದೆ. ಇದಕ್ಕಾಗಿ ಅವಳ ಪೂರ್ತಿ ಮೈಯನ್ನು ಪಾರದರ್ಶಕ ಹಾಳೆಯಂಥ ಒಂದು ಲೇಯರ್‌ನಲ್ಲಿ ಬಿಡಿಸಿ, ಗುರುತು ಹಾಕಿ, ಲೇಯರ್ ಅಳಿಸುತ್ತಿದ್ದೆ. ಬಿಡಿಸುವ ಹಾಗಿಲ್ಲ ಅಂದುಕೊಂಡ ನಾಯಕಿಯನ್ನು ಕೊನೆಗೆ ಎಲ್ಲರಿಗಿಂತ ಜಾಸ್ತಿ ಬಿಡಿಸಿದೆ! ಮೂರನೆಯದು ಬೇರೆಯವರ ಕಣ್ಣು. ಅವಳಿರುವ ಕಡೆಗೇ ತಿರುಗಿರಬೇಕು, ಆದರೆ ಗುರಿ ಸ್ವಲ್ಪ ತಪ್ಪಿರಬೇಕು, ಕಿವಿಯ ಪಕ್ಕಕ್ಕೋ ಭುಜದ ಮೇಲಕ್ಕೋ. ಸರಿಯಾಗಿ ಮುಖಕ್ಕೇ ನೋಡಿದರೆ ಅವರಿಗೆ ಅವಳು ಕಾಣುತ್ತಿದ್ದಾಳೆ ಅನ್ನಿಸಿಬಿಡುತ್ತದೆ.

ಇದರ ಜೊತೆ ಅವಳ ಹಿಂದಿನ ಗೆರೆಗಳನ್ನು, ಅಂದರೆ ಇಟ್ಟಿಗೆ ಸಾಲು, ಕಿಟಕಿ ಸರಳು ಇಂಥವನ್ನು, ಕೂದಲೆಳೆಯಷ್ಟು ಸರಿಸುತ್ತೇನೆ. ಎಷ್ಟು, ಯಾವ ಕಡೆಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಲಿಯಲು ನನಗೆ ಹನ್ನೊಂದು ಪುಟ ಬೇಕಾಯಿತು. ಪುಟದ ನಡುವೆ ಯಾವ ಸಾಕ್ಷಿಯನ್ನು ಯಾವಾಗ ಬಿಡಬಹುದು ಎಂಬುದೂ ನನ್ನ ಹತ್ತಿರವೇ ಇರಲಿ.

ಮುಗಿದ ಪುಟಗಳನ್ನು ಸುಮಾರು ಇಪ್ಪತ್ತು ಮಕ್ಕಳಿಗೆ ತೋರಿಸಿ "ಅವಳೆಲ್ಲಿ, ಬೆರಳಿಡು" ಎಂದೆ. ಹದಿನೇಳೋ ಹದಿನೆಂಟೋ ಮಕ್ಕಳು ಸರಿಯಾಗಿ ಇಟ್ಟರು. ಒಬ್ಬ ಅವಳ ಜುಟ್ಟು ಎಲ್ಲಿದೆ ಅಂತಲೂ ತೋರಿಸಿದ. ಜುಟ್ಟಿನ ಸುಳಿವನ್ನೇ ನಾನು ಎಲ್ಲೂ ಕೊಟ್ಟಿರಲಿಲ್ಲ. ಸಂಪಾದಕರು ಆ ದಿನ ಜೋಕು ಹೇಳಲಿಲ್ಲ.

ಹಣದ ಮಾತು? ಮತ್ತೆ ಬಿಡಿಸಿದ ಪುಟಗಳಿಗೆ ಒಂದು ಪೈಸೆಯೂ ಬರಲಿಲ್ಲ. ದಿನದ ಲೆಕ್ಕ ಹಾಕಿದರೆ ನನ್ನ ಮಾಮೂಲಿ ಗಳಿಕೆಯ ಅರ್ಧಕ್ಕಿಂತ ಕಡಿಮೆ. ಎರಡನೇ ಮುದ್ರಣ ಬಂದಮೇಲೆ ಸುಮಾರಾಗಿ ಸರಿಹೋಯಿತು. ಈಗ ಪುಟಕ್ಕೆ ಒಂದೂವರೆ ದಿನ ಸಾಕು, ಮೊದಲು ಮೂರು ಹಿಡಿಯುತ್ತಿತ್ತು.

ಮುಂದಿನ ಪುಸ್ತಕಕ್ಕೆ ಕಾಣದ ನಾಯಿ ಬೇಕಂತೆ. ಕಾಲಿಗೆ ನೆಲವಿದೆ, ಮೂಗಿಗೆ ತಟ್ಟೆಯಿದೆ. ಬಾಲ ಮಾತ್ರ ಏನನ್ನೂ ಮುಟ್ಟದೆ ಗಾಳಿಯಲ್ಲೇ ಅಲ್ಲಾಡುತ್ತದೆ. ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಮೂರು ದಿನದಿಂದ ಅದೇ ಯೋಚನೆ. ಮುಂಗಡ ಮಾತ್ರ ಈ ಸಲ ಎರಡರಷ್ಟು ಕೇಳಿದ್ದೇನೆ.